ಡಗ್ಗಾದ ಜಾಗ

ಮನೆಗೆ ಬಂದ ಅತಿಥಿಯನ್ನು ಎಲ್ಲಿ ಕೂಡಿಸಬೇಕೆಂಬ ಚಿಂತೆ ನಮ್ಮ ಕಡೆಯವರಿಗೆ ಎಂದೂ ಇಲ್ಲ; ಕಂಬಳಿ ಹಾಸಿದರೆ ಮುಗಿಯಿತು. ಆದರೆ ಕಳೆದ ದೀಪಾವಳಿಗೆ ಮಗನು ಬಾಳೆಹೊಸೂರಿನ ನಮ್ಮ ಮನೆಗೆ ಕರೆತಂದ ಅತಿಥಿ ಮೂರು ದಿನ ನಮ್ಮನ್ನು ಕಾಡಿದ. ಕಂಪ್ಯೂಟರಿಗೆ ಜೋಡಿಸುವ ಸ್ಪೀಕರುಗಳ ಸಂಸಾರವದು: ಮೇಜಿನ ಮೇಲೆ ಕೂಡ್ರುವ ಎರಡು ಮಕ್ಕಳು, ನೆಲದ ಮೇಲೆ ಕೂಡ್ರುವ ಒಬ್ಬ ಹಿರಿಯ. ಹಿರಿಯನ ಹೆಸರು ಸಬ್‌ವೂಫರ್. ತಗ್ಗಿನ ನಾದವೆಲ್ಲ ಅವನ ಪಾಲು.

ಮಕ್ಕಳದು ತಕರಾರಿಲ್ಲ, ಕುಳಿತವನ ಎಡಕ್ಕೊಂದು, ಬಲಕ್ಕೊಂದು, ಕಿವಿಯ ಮಟ್ಟಕ್ಕೆ ಇಟ್ಟರಾಯಿತು. ಪ್ರಶ್ನೆ ಹಿರಿಯನದು.

“ಮೇಜಿನ ಕೆಳಗ ಸರಸರಿ, ಕಸಾ ಹೊಡಿಲಿಕ್ಕೆ ಅಡ್ಡ ಆಗಬಾರದು” ಎಂದಳು ಹೆಂಡತಿ.

“ಅಪ್ಪಾ, ಮೂಲ್ಯಾಗ ಇಡೂಣು, ಸಪ್ಪಳ ಜೋರ್ ಆಗ್ತದ” ಎಂದ ಮಗ.

ತೀರ ತಗ್ಗಿನ ನಾದ ಯಾವ ದಿಕ್ಕಿನಿಂದ ಬಂತೆಂಬುದನ್ನು ಕಿವಿ ಸುಲಭವಾಗಿ ಗುರುತಿಸದೆಂದು ನಾನು ಓದಿದ್ದೆ. ಹಾಗಾದರೆ ಎಲ್ಲಿಟ್ಟರೇನು ಎಂದು ಮೂಲೆಗೇ ಒಪ್ಪಿದೆ.

ಹಚ್ಚಿದ್ದು ಭೀಮಸೇನ ಜೋಶಿಯವರ (1922–2011) ಗಾಯನ. ರೋಣದಲ್ಲಿ ಹುಟ್ಟಿ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತ ಅವರು ನಮ್ಮ ಸೀಮೆಗೆ ಪರಕೀಯರಲ್ಲ. ದನಿ ಚೆನ್ನಾಗಿಯೇ ಬಂತು. ಡಗ್ಗಾ ಮಾತ್ರ ನನ್ನ ಕುರ್ಚಿಗೆ ಬರಲೇ ಇಲ್ಲ. ಎದ್ದು ಗೋಡೆಯ ಹತ್ತಿರ ಹೋದರೆ ಅಲ್ಲಿ ಗುಡುಗು!

ಇದರಲ್ಲಿ ಮಾಯೆಯೇನೂ ಇಲ್ಲ. ಸೆಕೆಂಡಿಗೆ 50 ಸಲ ಕಂಪಿಸುವ ನಾದದ ಒಂದು ಅಲೆ ಸುಮಾರು 7 ಮೀಟರು ಉದ್ದ. ನಮ್ಮ ಪಡಸಾಲೆ ಗೋಡೆಯಿಂದ ಗೋಡೆಗೆ ಮೂರೂವರೆ ಮೀಟರು, ಅಂದರೆ ಸರಿಯಾಗಿ ಅರ್ಧ ಅಲೆ. ಹೋಗುವ ಅಲೆ, ಗೋಡೆಗೆ ತಾಗಿ ಮರಳುವ ಅಲೆ ಎರಡೂ ಕೂಡಿದಾಗ ಗೋಡೆಗಳ ಬಳಿ ನಾದ ಉಬ್ಬುತ್ತದೆ, ನಟ್ಟನಡುವೆ ಬತ್ತಿಹೋಗುತ್ತದೆ. ನನ್ನ ಕುರ್ಚಿ ಇದ್ದದ್ದು ಆ ನಟ್ಟನಡುವೆಯೇ.

ಇದಕ್ಕೊಂದು ಹಿಕ್ಮತ್ತಿದೆ. ಡಬ್ಬಿಯನ್ನೇ ಕುರ್ಚಿಯ ಮೇಲೆ ಕೂಡಿಸಿ, ನಾವು ಡಬ್ಬಿಯ ಜಾಗಗಳಲ್ಲಿ ಕಿವಿ ಇಡುತ್ತ ಹೋಗಬೇಕು. ಎಲ್ಲಿ ನಾದ ಸಮನಾಗಿ ಕೇಳಿತೋ ಅಲ್ಲಿ ಡಬ್ಬಿಯನ್ನಿಡಬೇಕು. ಬಾಯಿ-ಕಿವಿಗಳು ಜಾಗ ಅದಲುಬದಲು ಮಾಡಿಕೊಂಡರೂ ಕೋಣೆಯ ನಡತೆ ಬದಲಾಗದು. ಮರುದಿನ ಕುರ್ಚಿಯನ್ನು ಮೇಜಿನತ್ತ ಎರಡು ಗೇಣು ಜರುಗಿಸಿ, ಧೋತರ ಎತ್ತಿ ಕಟ್ಟಿ, ಗೋಡೆಗುಂಟ ಅಂಬೆಗಾಲಿಕ್ಕಿದೆ. ಕಾಲೇಜಿನ ಹುಡುಗರು ನೋಡಲಿಲ್ಲವೆಂಬುದು ದೊಡ್ಡ ಪುಣ್ಯ. ಮೇಜಿನ ಎಡಗಾಲಿನ ಪಕ್ಕ, ಗೋಡೆಯಿಂದ ಒಂದು ಮೊಳ ಈಚೆಗೆ ಜಾಗ ಸಿಕ್ಕಿತು. ಕುರ್ಚಿಯಲ್ಲಿ ಕುಳಿತೆ. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ, ಹದವಾಗಿ ಕೇಳಿತು. ಗೆದ್ದೆನೆಂದುಕೊಂಡೆ.

ಎದುರು ಗೋಡೆಗೆ ಹತ್ತಿದ ಮಂಚದಿಂದ ತಂದೆಯವರು ಕೇಳಿದರು: “ತಮ್ಮಾ, ನಿನ್ನೆ ಡಗ್ಗಾ ಕೇಳಿಸಿತ್ತು. ಇವತ್ತ ಎಲ್ಲಿ ಹೋತು?”

ತಂದೆಯವರಿಗೆ ಎಂಬತ್ತನಾಲ್ಕು. ಒಂದು ಕಾಲಕ್ಕೆ ಊರ ಭಜನೆಯಲ್ಲಿ ತಬಲಾ ಬಾರಿಸಿದವರು. ವಯಸ್ಸು ಕಿವಿಯಿಂದ ಮೊದಲು ಕಸಿಯುವುದು ಏರುದನಿಯ ಸಣ್ಣ ನಾದಗಳನ್ನು. ತಗ್ಗಿನವು ಹೆಚ್ಚು ಕಾಲ ಉಳಿಯುತ್ತವೆ. ಹತ್ತು ವರ್ಷಗಳಿಂದ ನಮ್ಮ ಮಾತು ಅವರಿಗೆ ಅರ್ಧಂಬರ್ಧ ತಲುಪುತ್ತಿತ್ತು. ಹಾಡು ಹಚ್ಚಿದರೆ ಅವರು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು. ಹಾಡು ಬೇಡವಾಗಿದೆಯೆಂದು ನಾವು ತಿಳಿದಿದ್ದೆವು.

ಹಿಂದಿನ ದಿನ ಕೌದಿಯ ಮೇಲೆ ಅವರ ಎಡಗೈ ಬೆರಳು ಅಲುಗುತ್ತಿದ್ದುದು ನನಗೆ ಆಗ ನೆನಪಾಯಿತು. ಮುಪ್ಪಿನ ನಡುಕವೆಂದು ನೋಡಿ ಸುಮ್ಮನಾಗಿದ್ದೆ. ಡಗ್ಗಾ ಬಾರಿಸುವುದು ಎಡಗೈ.

ಎರಡು ದಿನ ನಾವು ಡಬ್ಬಿಯ ಜಾಗಕ್ಕಾಗಿ ವಾದಿಸಿದೆವು. ಕೇಳುವವರು ಯಾರೆಂದು ಒಬ್ಬರೂ ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಮಂಚವೂ ಕೋಣೆಯ ಸಾಮಾನುಗಳಲ್ಲಿ ಒಂದಾಗಿತ್ತು.

ಮೂರನೆಯ ದಿನ ಡಬ್ಬಿ ಮರಳಿ ಮೂಲೆಗೆ ಹೋಯಿತು. ತಗ್ಗಿನ ನಾದ ಗೋಡೆಯನ್ನೂ ದಾಟುವುದರಿಂದ, ನೆರೆಮನೆಯವರ ನಿದ್ದೆಗಾಗಿ ರಾತ್ರಿ ಒಂಬತ್ತಕ್ಕೆ ನಿಲ್ಲಿಸುತ್ತೇವೆ. ನನ್ನ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಒಯ್ದಿದ್ದೇನೆ. ಅಲ್ಲಿ ಡಗ್ಗಾ ನನಗೆ ತುಸು ಹೆಚ್ಚೇ ಕೇಳಿಸುತ್ತದೆ, ನಿಜ. ತಂದೆಯವರಿಗೆ ಸರಿಯಾಗಿದೆ. ನಾನು ತಾಳ ತಪ್ಪಿ ತಲೆದೂಗಿದರೆ, ಅವರ ಎಡಗೈ ನನ್ನ ಮೊಣಕಾಲಿಗೆ ಒಂದು ಪೆಟ್ಟು ಕೊಡುತ್ತದೆ.