ಮೊನೆ ಮೇಲಿರಲಿ

ನರಗುಂದ, ರೋಣ, ಗಜೇಂದ್ರಗಡ ಒಂದೇ ಸಾಲಿನಲ್ಲಿ ಕೂತಿವೆ. ಪರದೆಯ ಮೇಲೆ ಮೂರು ಷಟ್ಕೋನಗಳು, ಪಡುವಣದಿಂದ ಮೂಡಣಕ್ಕೆ, ಗೋಡೆಗೆ ಗೋಡೆ ತಾಗಿಸಿಕೊಂಡು. ಎಷ್ಟು ನೋಡಿದರೂ ಕಣ್ಣು ತಣಿಯುತ್ತಿಲ್ಲ. ನೆಲದ ಮೇಲೂ ಈ ಮೂರು ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಮೂರೂ 15.7 ಡಿಗ್ರಿ ಉತ್ತರದ ಆಸುಪಾಸು. ನರಗುಂದದ ಗುಡ್ಡಕ್ಕೆ ಬೆನ್ನು ಮಾಡಿ ಎರೆಹೊಲಗಳ ನಡುವೆ ಸೂರ್ಯ ಹುಟ್ಟುವ ದಿಕ್ಕಿಗೆ ಹೊರಟರೆ ರೋಣ, ಇನ್ನೂ ಮುಂದೆ ಹೋದರೆ ಗಜೇಂದ್ರಗಡದ ಕೋಟೆಗುಡ್ಡ. ತಾಲ್ಲೂಕಿಗೊಂದು ಷಟ್ಕೋನವಿರುವ ನಕ್ಷೆಯಲ್ಲಿ ಈ ನೇರ ಸಾಲು ಮುರಿಯಬಾರದು ಎಂದು ಹಟ ಹಿಡಿದಿದ್ದೆ. ಗ್ರಿಡ್ಡನ್ನೇ ತಿರುಗಿಸಿದ್ದರಿಂದ ಅದು ಉಳಿಯಿತು.

ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ‘ಕ್ರಿಯೇಟ್ ಗ್ರಿಡ್’ಗೆ ಹೋಗಿ ಷಟ್ಕೋನ ಆರಿಸಿದರೆ ಸಿಗುವುದು ಒಂದೇ ಬಗೆ: ಮೇಲೆ ಕೆಳಗೆ ಚಪ್ಪಟೆ, ಎಡಬಲಕ್ಕೆ ಮೊನೆ. ಇದರಲ್ಲಿ ಉತ್ತರ ದಕ್ಷಿಣಕ್ಕೆ ನೇರ ನೆರೆ ಉಂಟು, ಪೂರ್ವ ಪಶ್ಚಿಮಕ್ಕೆ ಇಲ್ಲ. ರೋಣ ನರಗುಂದದ ಈಶಾನ್ಯಕ್ಕೋ ಆಗ್ನೇಯಕ್ಕೋ ಜಾರಬೇಕು, ಗಜೇಂದ್ರಗಡ ಮತ್ತೆ ಮೇಲಕ್ಕೋ ಕೆಳಕ್ಕೋ ಜಿಗಿಯಬೇಕು. ಪರಿಹಾರ ಕೈಗೆಟಕುವಷ್ಟು ಹತ್ತಿರದಲ್ಲಿದೆ: ಅದೇ ಟೂಲ್‌ಬಾಕ್ಸ್‌ನ ‘ರೊಟೇಟ್’ಗೆ 90 ಡಿಗ್ರಿ ಕೊಡಿ, ಸಾಕು. ಆದರೆ ತಿರುಗುವ ಬಿಂದು ಯಾವುದೆಂದು ಕಡ್ಡಾಯವಾಗಿ ಹೇಳಿ. ಹೇಳದಿದ್ದರೆ ಪ್ರತಿ ಷಟ್ಕೋನವೂ ತನ್ನ ನಡುಬಿಂದುವಿನ ಮೇಲೆ ತಾನೊಂದೇ ತಿರುಗಿ, ಒಂದರ ಮೂಲೆ ಇನ್ನೊಂದರೊಳಗೆ ನುಗ್ಗುತ್ತದೆ. ಬಿಂದು ಕೊಟ್ಟರೆ ಇಡೀ ಗ್ರಿಡ್ ಒಟ್ಟಾಗಿ ತಿರುಗಿ ಮೊನೆಗಳು ಮೇಲೆ ಬರುತ್ತವೆ, ಸಾಲುಗಳು ಅಡ್ಡಲಾಗಿ ನೆಟ್ಟಗಾಗುತ್ತವೆ.

ಇಷ್ಟು ಸುಲಭದ ಕೆಲಸವನ್ನು ಬಹಳ ಜನ ಮಾಡುವುದಿಲ್ಲ. ಕೇಳಿದರೆ, ‘ಕರ್ನಾಟಕ ಉದ್ದುದ್ದ ಇರುವ ರಾಜ್ಯ, ಬೀದರಿನಿಂದ ಚಾಮರಾಜನಗರಕ್ಕೆ ಇಳಿಯುವ ನಕ್ಷೆಗೆ ನಿಂತ ಸಾಲೇ ಸರಿ’ ಎನ್ನುತ್ತಾರೆ. ಈ ಮಾತು ಎಲ್ಲಕ್ಕಿಂತ ಮೊದಲು ಸೋಲುವುದು ಅವರು ನೆಚ್ಚಿಕೊಂಡ ಕರಾವಳಿಯಲ್ಲೇ. ಉತ್ತರ ಕನ್ನಡದ 6, ಉಡುಪಿಯ 5, ದಕ್ಷಿಣ ಕನ್ನಡದ 8, ಒಟ್ಟು 19 ವಿಧಾನಸಭಾ ಕ್ಷೇತ್ರಗಳನ್ನು ಒಂದರ ಕೆಳಗೊಂದು ಪೇರಿಸಬಹುದೆಂಬುದು ಅವರ ಲೆಕ್ಕ. ಆದರೆ ನಮ್ಮ ಕಡಲತೀರ ನೆಟ್ಟಗೆ ಇಳಿಯುವುದಿಲ್ಲ. ಕಾರವಾರದಿಂದ ಮಂಗಳೂರಿಗೆ ಗೆರೆ ಎಳೆದು ನೋಡಿ, ಅದು ಪೂರ್ವಕ್ಕೆ ಸುಮಾರು 20 ಡಿಗ್ರಿ ವಾಲುತ್ತದೆ. ಮೊನೆ ಮೇಲಿರುವ ಗ್ರಿಡ್‌ನಲ್ಲಿ ಒಂದೊಂದು ಸಾಲು ಇಳಿದಾಗಲೂ ಅರ್ಧ ಮನೆ ಬಲಕ್ಕೆ ಸರಿದರೆ 30 ಡಿಗ್ರಿಯ ವಾಲು ಸಿಗುತ್ತದೆ, ನಡುವೆ ಒಮ್ಮೊಮ್ಮೆ ಎಡಕ್ಕೆ ಸರಿದರೆ 20ಕ್ಕೆ ಬರುತ್ತದೆ. ಚಪ್ಪಟೆ ಗ್ರಿಡ್‌ನಲ್ಲಿ ಇರುವುದು ಎರಡೇ ದಾರಿ: ಸೊನ್ನೆ ಡಿಗ್ರಿ, ಇಲ್ಲವೇ 60. ತೀರವೆಂದರೆ ಮೆಟ್ಟಿಲು ಎಂಬಂತೆ ಕಾಣುವ ನಕ್ಷೆಗಳು ಹುಟ್ಟುವುದು ಹೀಗೆ. ಮತ್ತೆ ನಮ್ಮ ನಾಡನ್ನು ಓದುವ ದಿಕ್ಕಾದರೂ ಯಾವುದು? ಕರಾವಳಿ, ಘಟ್ಟ, ಮಲೆನಾಡು, ಬಯಲುಸೀಮೆ. ಮಳೆ ಕಡಿಮೆಯಾಗುತ್ತ ಹೋಗುವುದು ಪಡುವಣದಿಂದ ಮೂಡಣಕ್ಕೆ. ಅಡ್ಡಸಾಲೇ ಮುರಿದ ನಕ್ಷೆಯಲ್ಲಿ ಈ ಬದಲಾವಣೆಯನ್ನು ಬೆರಳಿಟ್ಟು ತೋರಿಸಲಾಗದು.

ಚೌಕದ ಮನೆಗಳ ನಕ್ಷೆ ಮಾಡುವವರ ಜೊತೆ ಜಗಳಕ್ಕೆ ಎರಡೇ ವಾಕ್ಯ ಸಾಕು. ಚೌಕಗಳು ಮೂಲೆಯಲ್ಲಿ ಮುಟ್ಟಿದಾಗ ಅವು ನೆರೆಯೋ ಅಲ್ಲವೋ ಯಾರೂ ಹೇಳಲಾರರು. ಷಟ್ಕೋನಗಳು ಮುಟ್ಟಿದರೆ ಗೋಡೆಯಿಂದಲೇ ಮುಟ್ಟುತ್ತವೆ.

ಆಯ್ಲರನ ಸೂತ್ರದಿಂದ ಹೊರಡುವ ಒಂದು ಸಂಗತಿಯಂತೂ ನನಗೆ ಬಹಳ ಇಷ್ಟ: ಯಾವ ನಕ್ಷೆಯನ್ನೇ ತೆಗೆದುಕೊಂಡರೂ ಒಂದು ಪ್ರದೇಶಕ್ಕೆ ಸರಾಸರಿ ಆರಕ್ಕಿಂತ ಕಡಿಮೆ ನೆರೆಗಳಿರುತ್ತವೆ. ಆರು ಗೋಡೆಯ ಮನೆ ಕಟ್ಟಿದರೆ ಬಹುತೇಕ ಎಲ್ಲರಿಗೂ ಜಾಗ ಸಿಗುತ್ತದೆ ಎಂಬ ಭರವಸೆ ಗಣಿತವೇ ಕೊಟ್ಟಂತಾಯಿತು. ನರಗುಂದ ವಿಧಾನಸಭಾ ಕ್ಷೇತ್ರದಲ್ಲಿ ಈ ಭರವಸೆ ಅಕ್ಷರಶಃ ಫಲಿಸುತ್ತದೆ. ಮೊನೆ ಮೇಲಿಟ್ಟ ಷಟ್ಕೋನದ ಪೂರ್ವಕ್ಕೆ ರೋಣ, ಈಶಾನ್ಯಕ್ಕೆ ಬಾದಾಮಿ, ವಾಯವ್ಯಕ್ಕೆ ರಾಮದುರ್ಗ, ಪಶ್ಚಿಮಕ್ಕೆ ಸವದತ್ತಿ, ನೈಋತ್ಯಕ್ಕೆ ನವಲಗುಂದ, ಆಗ್ನೇಯಕ್ಕೆ ಗದಗ. ಆರು ಗೋಡೆ, ಆರು ಹೆಸರು, ಒಂದೂ ದಿಕ್ಕು ತಪ್ಪಿಲ್ಲ. ಚಪ್ಪಟೆ ಗ್ರಿಡ್‌ನವರು ಇದನ್ನು ಮಾಡಿ ತೋರಿಸಲಿ.

ನನ್ನ ಕೆಲಸದ ಕ್ರಮ ಸರಳ. ಷಟ್ಕೋನಗಳನ್ನು ಎಳೆದು ಸರಿಸುವುದೇ ಇಲ್ಲ, ಸರಿಸಿದರೆ ಗ್ರಿಡ್ ಕೂದಲೆಳೆಯಷ್ಟು ಸೀಳಿ ಮುದ್ರಣದಲ್ಲಿ ಬಿಳಿ ಗೆರೆ ಕಾಣುತ್ತದೆ. ಮನೆಗಳು ಕದಲಬಾರದು, ಹೆಸರುಗಳು ಓಡಾಡಬೇಕು. ಪ್ರತಿ ಮನೆಗೆ ಒಂದು ಸಾಲುಸಂಖ್ಯೆ, ಒಂದು ಕಾಲಂಸಂಖ್ಯೆ. ಪಕ್ಕದ ಟೇಬಲ್ಲಿನಲ್ಲಿ ಕ್ಷೇತ್ರಸಂಖ್ಯೆ: ಶಿರಹಟ್ಟಿ 65, ಗದಗ 66, ರೋಣ 67, ನರಗುಂದ 68. ಎರಡು ಹೆಸರು ಅದಲುಬದಲಾಗಬೇಕೆಂದರೆ ಟೇಬಲ್ಲಿನಲ್ಲಿ ಅಂಕಿ ಬದಲಿಸಿದರಾಯಿತು. ಆಮೇಲೆ ‘ಓವರ್‌ಲೇ ಟಚಸ್’ ಸೂತ್ರ ಹಾಕಿ, ಅಸಲಿ ನಕ್ಷೆಯಲ್ಲಿ ಯಾರಿಗೆ ಯಾರು ನೆರೆ, ಷಟ್ಕೋನ ನಕ್ಷೆಯಲ್ಲಿ ಯಾರಿಗೆ ಯಾರು ನೆರೆ ಎಂದು ತಾಳೆ ನೋಡುತ್ತೇನೆ. ಒಂದು ಹೆಸರು ಸರಿಸಿದ್ದಕ್ಕೆ ಕಳೆದುಹೋಗಿದ್ದ ಎರಡು ನೆರೆ ಮರಳಿ ಬಂದಾಗ ಆಗುವ ಸಂತೋಷ ಬೇರೆಯೇ.

ಈ ತಾಳೆಯನ್ನು ಮಾಡದವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಈಗ ಎಲ್ಲ ತಾನಾಗಿ ಹಂಚುವ ಪ್ರೋಗ್ರಾಂಗಳಿವೆ. ರಾಜ್ಯದ ಗಡಿಯೊಳಗೆ ವಿಧಾನಸಭಾ ಕ್ಷೇತ್ರಕ್ಕೊಂದರಂತೆ 224 ಮನೆ ತುಂಬಿಸಿ, 1955ರಲ್ಲಿ ಗಣಿತಜ್ಞ ಕೂನ್ ಪ್ರಕಟಿಸಿದ ಹಂಗೇರಿಯನ್ ವಿಧಾನದಿಂದ ಎಲ್ಲರೂ ಸರಿದ ದೂರದ ಮೊತ್ತ ಕನಿಷ್ಠವಾಗುವಂತೆ ಹಂಚುತ್ತವೆ. ಲೆಕ್ಕ ಸುಂದರ. ಆದರೆ ಅದು ನೋಡುವುದು ದೂರವನ್ನು ಮಾತ್ರ, ನೆರೆಯನ್ನಲ್ಲ. ರಾಜ್ಯದ 1,91,791 ಚದರ ಕಿಲೋಮೀಟರನ್ನು 224ರಿಂದ ಭಾಗಿಸಿದರೆ ಒಂದು ಮನೆಗೆ 856 ಬರುತ್ತದೆ. ಬೆಂಗಳೂರು ನಗರ ಜಿಲ್ಲೆ ಸುಮಾರು 2,190. ಅಲ್ಲಿ ಹಿಡಿಸುವುದು ಎರಡೂವರೆ ಮನೆ, ಕೂರಬೇಕಾದವರು 28. ಉಳಿದವರು ನೆಲಮಂಗಲ, ಹೊಸಕೋಟೆ, ರಾಮನಗರಗಳನ್ನು ನೂಕುತ್ತಾರೆ, ಅವರು ತುಮಕೂರು ಕೋಲಾರಗಳನ್ನು, ಹೀಗೆ ನೂಕಾಟ ಬಡಗಣಕ್ಕೆ ಹಬ್ಬುತ್ತದೆ. ಇತ್ತ ಐದು ಮನೆಗಿಂತ ಹೆಚ್ಚು ವಿಸ್ತಾರವಿರುವ ಗದಗ ಜಿಲ್ಲೆ ನಾಲ್ಕೇ ಮನೆಗೆ ಕುಗ್ಗಬೇಕು. ಈ ಎಳೆದಾಟದಲ್ಲಿ ಯಾರ ಗೋಡೆ ಯಾರಿಂದ ಕಳಚಿತು ಎಂದು ಪ್ರೋಗ್ರಾಂ ಕೇಳುವುದಿಲ್ಲ. ಕಳೆದ ಚುನಾವಣೆಯಲ್ಲಿ ಒಂದು ಸುದ್ದಿಸಂಸ್ಥೆಯ ನಕ್ಷೆಯಲ್ಲಿ ನರಗುಂದಕ್ಕೂ ನವಲಗುಂದಕ್ಕೂ ನಡುವೆ ಬೇರೊಂದು ಕ್ಷೇತ್ರ ತೂರಿ ಕೂತಿತ್ತು.

ನರಗುಂದ, ನವಲಗುಂದಗಳನ್ನು ಬೇರ್ಪಡಿಸುವುದೆಂದರೇನು? 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಾಗ ಗುಂಡು ಹಾರಿದ್ದು ಎರಡೂ ಊರುಗಳಲ್ಲಿ. ರಾಜ್ಯದ ರೈತ ಚಳವಳಿ ಆ ದಿನದಿಂದ ಬೇರೆಯೇ ಆಯಿತು. ಇಂದಿಗೂ ಜುಲೈ 21 ಅಲ್ಲಿ ಹುತಾತ್ಮ ರೈತರ ದಿನ. ಆಗ ಎರಡೂ ಧಾರವಾಡ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಗದಗ ಜಿಲ್ಲೆಯಾದಾಗ ನರಗುಂದ ಇತ್ತ ಬಂತು, ನವಲಗುಂದ ಅತ್ತ ಉಳಿಯಿತು. ಮಹದಾಯಿ ನದಿಯ ನೀರಿಗಾಗಿ ಎರಡೂ ಕಡೆಯವರು ಮತ್ತೆ ಒಟ್ಟಿಗೇ ಬೀದಿಗಿಳಿದರು. ರಾಮದುರ್ಗದ ಜೊತೆಗೂ ಹಾಗೆಯೇ, ಎರಡೂ ಸಂಸ್ಥಾನಗಳನ್ನು ಆಳಿದ್ದು ಒಂದೇ ಮನೆತನದ ಶಾಖೆಗಳು. ಈ ಗೋಡೆಗಳನ್ನು ಕಳಚಿಟ್ಟು, ಒಟ್ಟು ಸರಿದ ದೂರ ಕಡಿಮೆಯಾಯಿತೆಂದು ಹಿಗ್ಗುವ ನಕ್ಷೆ ನನಗೆ ಬೇಡ.

ಲೋಕಸಭೆಯ ಗಡಿ ಹಾಕುವಾಗ ಕೆಲಸ ಇನ್ನೂ ಸೊಗಸು. 224ನ್ನು 28ರಿಂದ ಭಾಗಿಸಿದರೆ ಶೇಷವಿಲ್ಲದೆ ಎಂಟು: ಪ್ರತಿ ಲೋಕಸಭಾ ಕ್ಷೇತ್ರವೂ ಎಂಟು ಷಟ್ಕೋನದ ಗೊಂಚಲು. ಬಾಗಲಕೋಟೆ ಜಿಲ್ಲೆಯಲ್ಲಿರುವುದು ಏಳು, ಎಂಟನೆಯದು ನರಗುಂದ. ಹಾಗಾಗಿ ಬಾದಾಮಿಯ ಗೋಡೆಯನ್ನು ಅದು ಬಿಡುವಂತಿಲ್ಲ. ನವಲಗುಂದ ಧಾರವಾಡದ ಗೊಂಚಲಿಗೆ, ರಾಮದುರ್ಗ ಬೆಳಗಾವಿಗೆ, ರೋಣ ಹಾವೇರಿಗೆ. ನಾಲ್ಕು ಲೋಕಸಭಾ ಕ್ಷೇತ್ರಗಳು ಒಂದು ನರಗುಂದದ ಸುತ್ತ ಕೂಡುತ್ತವೆ. ರೋಣದ ಗೊಂಚಲಂತೂ ಗದಗ, ಶಿರಹಟ್ಟಿ ದಾಟಿ ಹಾನಗಲ್ಲು, ಹಿರೇಕೆರೂರಿನವರೆಗೆ ಎಳೆದುಕೊಂಡು ಹೋಗುತ್ತದೆ. ಒಂದೂ ಕೊಂಡಿ ತಪ್ಪಿಸದೆ ಅದನ್ನು ಕೂರಿಸುವುದಕ್ಕೆ ತಾಳ್ಮೆ ಬೇಕು.

ಈ ಕ್ಷೇತ್ರಗಳ ನಕ್ಷೆಯನ್ನು ಅಚ್ಚು ಹಾಕಿಸಿ ಗಜೇಂದ್ರಗಡದಲ್ಲಿ ಸೀರೆ ನೇಯುವ ಹಿರಿಯರೊಬ್ಬರಿಗೆ ತೋರಿಸಿದೆ. ಪಟ್ಟೇದಂಚಿನ ಚೌಕುಳಿ ಎಣಿಸಿ ಪಳಗಿದ ಕಣ್ಣು, ಮನೆಗಳ ಲೆಕ್ಕ ತಟ್ಟನೆ ಹಿಡಿಯಿತು. ‘ಎಲ್ಲಾ ಛಲೋ ಐತ್ರೀ. ನಮ್ಮ ಊರು ಎಲ್ಲೈತಿ ಇದರಾಗ?’ ಎಂದರು. ರೋಣದೊಳಗೆ ಇದೆ ಎಂದೆ. ‘ತಾಲ್ಲೂಕು ಆಗೇತಲ್ರೀ’ ಎಂದರು. ತಾಲ್ಲೂಕು ನಕ್ಷೆಗೆ ಕೈ ಹಾಕಿದ್ದು ಅವರಿಂದಾಗಿ.

ಸಾಲು ಕೂರಿಸಿದ್ದಾಯಿತು. ಮುಂದೆ 50,000 ಜನಕ್ಕೊಂದು ಷಟ್ಕೋನದಂತೆ ಜನಸಂಖ್ಯೆಯ ನಕ್ಷೆ ಮಾಡಬೇಕು. ರಾಜ್ಯಕ್ಕೆ ಸುಮಾರು 1,222 ಮನೆ, ಬೆಂಗಳೂರು ನಗರ ಜಿಲ್ಲೆಗೆ 192, ಗದಗ ಜಿಲ್ಲೆಗೆ 21. ಆ 21ರಲ್ಲಿ ಗಜೇಂದ್ರಗಡ ತಾಲ್ಲೂಕಿಗೆ ಎಷ್ಟು? 2011ರ ಜನಗಣತಿಯ ಹೊತ್ತಿಗೆ ಆ ತಾಲ್ಲೂಕು ಇರಲೇ ಇಲ್ಲ, ಎಲ್ಲ ಜನ ರೋಣದ ಲೆಕ್ಕದಲ್ಲಿದ್ದಾರೆ. ಹಳ್ಳಿಹಳ್ಳಿಯ ಅಂಕಿ ಸಿಗುತ್ತದೆ, ಕೂಡಿಸಬಹುದು. ಆದರೆ ಯಾವ ಹಳ್ಳಿ ರೋಣದಲ್ಲಿ ಉಳಿಯಿತು, ಯಾವುದು ಗಜೇಂದ್ರಗಡಕ್ಕೆ ಹೋಯಿತು ಎಂಬ ಪಟ್ಟಿ ನನ್ನ ಕೈಗೆ ಬಂದದ್ದು ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ. ಅದನ್ನು ಯಂತ್ರ ಓದುವುದಿಲ್ಲ, ಕಣ್ಣು ಅರ್ಧ ಓದುತ್ತದೆ. ಇಂಗ್ಲಿಷ್ ಕಾಗುಣಿತವೂ ಒಂದೊಂದು ಕಡತದಲ್ಲಿ ಒಂದೊಂದು ಥರ ಇರುವುದರಿಂದ ಹೆಸರಿನಿಂದ ಜೋಡಿಸಲು ಹೋದರೆ ಅರ್ಧ ಹಳ್ಳಿಗಳು ಬಿಟ್ಟುಹೋಗುತ್ತವೆ. ಬೇಕಾದ್ದು ಮೂರೇ ಕಾಲಂ: ಹಳ್ಳಿಯ ಹೆಸರು, 2011ರ ಜನಗಣತಿಯ ಸಂಕೇತಸಂಖ್ಯೆ, ಈಗಿನ ತಾಲ್ಲೂಕು. ಮುಂದಿನ ಜನಗಣತಿಯ ಲೆಕ್ಕ 2027ರ ಮಾರ್ಚ್ 1ಕ್ಕೆ ನಿಗದಿಯಾಗಿದೆ. ಹಳೆಯ ಅಂಕಿಗೂ ಹೊಸ ಅಂಕಿಗೂ ಹೋಲಿಕೆ ಮಾಡಬೇಕಾದವರು ಆಗ ಬಹಳ ಜನ ಇರುತ್ತಾರೆ. ಅದಕ್ಕೆ ಮುಂಚೆ ಸಂಬಂಧಪಟ್ಟ ಇಲಾಖೆಯವರು ಈ ಮೂರು ಕಾಲಮ್ಮಿನ ಟೇಬಲ್ಲನ್ನು ಟೇಬಲ್ಲಾಗಿಯೇ ಪ್ರಕಟಿಸಲಿ.