ಎಂಟು ರೂಪಾಯಿ ಉಳಿಸಿದ ಕಥೆ



ಇವತ್ತು ಹೋರಾಟದ ವಿಷಯ ಅಲ್ಲ, ಕಾರಿನ ಇನ್ಶೂರೆನ್ಸ್ ವಿಷಯ. ‘ಇವನಿಗೇನಾಯ್ತು, ಏಜೆಂಟ್ ಆದ್ನಾ?’ ಅನ್ನಬೇಡಿ. ಕೊನೇತನಕ ಓದಿ. ಎರಡು ವರ್ಷದಿಂದ ಬರೀಬೇಕು ಅಂದ್ಕೊಂಡು, ನಾಚಿಕೆಯಿಂದ ಬರೆಯದೇ ಇದ್ದದ್ದು ಇದು.

ನನ್ನ ಹತ್ರ ಒಂದು ಹಳೇ ವ್ಯಾಗನ್ ಆರ್ ಇದೆ. 2014ರ ಮಾಡೆಲ್, ಸೆಕೆಂಡ್ ಹ್ಯಾಂಡ್. ತಗೊಂಡ ದಿನ ಅವ್ವ ಟೈರಿಗೆ ನಿಂಬೆಹಣ್ಣು ಇಟ್ಟಿದ್ಲು, ನಾನು ಒಳಗೆ ಬಾಬಾಸಾಹೇಬರ ಸ್ಟಿಕ್ಕರ್ ಅಂಟಿಸಿದ್ದೆ. ಕಾಗದದ ಮೇಲೆ ಅದು ನನ್ನ ಕಾರು. ಆದರೆ ಕೇರಿಯಲ್ಲಿ ಒಂದು ಕಾರು ಇದ್ರೆ ಅದು ಒಬ್ಬರದಾಗಿ ಉಳಿಯಲ್ಲ ಅನ್ನೋದು ನಿಮಗೂ ಗೊತ್ತು. ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದ್ರೆ ಅದೇ ಆಂಬುಲೆನ್ಸು. ದೌರ್ಜನ್ಯದ ಕೇಸಲ್ಲಿ ಸಾಕ್ಷಿಗಳನ್ನ ಕೋರ್ಟಿಗೆ ಕರ್ಕೊಂಡು ಹೋಗೋಕೆ ಅದೇ, ಡಿ.ಸಿ. ಆಫೀಸಿನ ಧರಣಿಗೆ ಬ್ಯಾನರ್, ಮೈಕು, ಚಿತ್ರಾನ್ನದ ಪಾತ್ರೆ ಹೊರೋಕೂ ಅದೇ.

2023ರ ಜನವರಿಯಲ್ಲಿ ಪಾಲಿಸಿ ಮುಗೀತು. ಏಜೆಂಟ್ ಎರಡು ಲೆಕ್ಕ ಕಳಿಸಿದ. ಬರೀ ಥರ್ಡ್ ಪಾರ್ಟಿ ಆದ್ರೆ 2,854 ರೂಪಾಯಿ. ಕಾಂಪ್ರಿಹೆನ್ಸಿವ್, ಅಂದ್ರೆ ಜನ ‘ಫುಲ್ ಇನ್ಶೂರೆನ್ಸ್’ ಅನ್ನೋದು, 5,686. ವ್ಯತ್ಯಾಸ 2,832 ರೂಪಾಯಿ. ‘ಅಣ್ಣ, ಹಳೇ ಗಾಡಿ. ಬಂಪರ್ ಹೋದ್ರೆ ಎರಡು ಸಾವಿರಕ್ಕೆ ಗ್ಯಾರೇಜಲ್ಲೇ ಆಗ್ತದೆ. ಪೊಲೀಸ್ ಹಿಡಿದ್ರೆ ತೋರ್ಸೋಕೆ ಥರ್ಡ್ ಪಾರ್ಟಿ ಸಾಕು’ ಅಂದ. ನನಗೂ ಸರಿ ಅನ್ನಿಸ್ತು. ಆ ತಿಂಗಳು ಮಗಳ ಫೀಸು ಬೇರೆ ಬಾಕಿ ಇತ್ತು. ಥರ್ಡ್ ಪಾರ್ಟಿ ಮಾಡಿಸ್ದೆ.

ಏಪ್ರಿಲ್ 14ರ ಕಾರ್ಯಕ್ರಮ ಮುಗಿಸ್ಕೊಂಡು ಬೆಂಗಳೂರಿಂದ ವಾಪಸ್ ಬರ್ತಿದ್ವಿ. ಕಾರಲ್ಲಿ ಐದು ಜನ. ತುಮಕೂರು ದಾಟಿ ಶಿರಾ ಕಡೆ ಸ್ವಲ್ಪ ದೂರ ಬಂದಿದ್ವಿ, ರಾತ್ರಿ ಹನ್ನೊಂದರ ಹತ್ತಿರ. ನಾಯಿ ಅಡ್ಡ ಬಂತು, ನಾನು ಸ್ಟೇರಿಂಗ್ ಎಳೆದೆ, ಕಾರು ರಸ್ತೆ ಬಿಟ್ಟು ಹಳ್ಳಕ್ಕೆ ಇಳೀತು. ಬೇರೆ ಯಾವ ಗಾಡಿಯದೂ ತಪ್ಪಿಲ್ಲ. ಓಡಿಸಿದ್ದು ನಾನು, ಬೀಳಿಸಿದ್ದೂ ನಾನೇ.

ನಾಲ್ಕು ಜನಕ್ಕೆ ತರಚು ಗಾಯ. ಹಿಂದಿನ ಸೀಟಲ್ಲಿದ್ದ ಅಕ್ಕನ ತೊಡೆಮೂಳೆ ಮುರೀತು. ಕೂಲಿ ಮಾಡಿ ಬದುಕೋ ಹೆಂಗಸು. ನಾಟಿ, ಕಳೆ, ಕಡ್ಲೆಕಾಯಿ ಬಿಡಿಸೋದು. ಪ್ರತಿ ವರ್ಷ ಜಯಂತಿಗೆ ನೀಲಿ ಸೀರೆ ಉಟ್ಟು ಮೊದಲು ಬಂದು ಕೂರೋಳು. ಆ ಹೊತ್ತಲ್ಲಿ ಹತ್ತಿರ ಸಿಕ್ಕಿದ್ದ ಖಾಸಗಿ ಆಸ್ಪತ್ರೆಗೆ ಸೇರಿಸಿದ್ವಿ. ರಾಡ್ ಹಾಕಿದ್ರು. ಬಿಲ್ಲು 1,32,000.

ಆಗ ನನ್ನ ತಲೇಲಿ ಇದ್ದದ್ದು ಒಂದೇ ಧೈರ್ಯ, ಇನ್ಶೂರೆನ್ಸ್ ಇದೆಯಲ್ಲ ಅನ್ನೋದು. ಪಾಲಿಸಿ ಹಿಡ್ಕೊಂಡು ವಕೀಲ ಗೆಳೆಯರ ಹತ್ರ ಹೋದೆ. ಅವರು ಒಂದೇ ನಿಮಿಷ ನೋಡಿದ್ರು. ‘ಇದರಲ್ಲಿ ನಿನ್ನ ಕಾರು ಬೇರೆಯವರಿಗೆ ಗುದ್ದಿದ್ರೆ ದುಡ್ಡು ಸಿಗ್ತದೆ. ನಿನ್ನ ಕಾರೊಳಗೆ ಕೂತಿದ್ದವರಿಗೆ ಸಿಗಲ್ಲ’ ಅಂದ್ರು.

ಗೆಳೆಯರೇ, ಇದನ್ನ ಹೇಳೋಕೇ ಇಷ್ಟು ಉದ್ದ ಬರೀತಿರೋದು. ಥರ್ಡ್ ಪಾರ್ಟಿ ಅಂದ್ರೆ ನಾನು, ಕಂಪನಿ ಬಿಟ್ಟು ಮೂರನೆಯವರೆಲ್ಲಾ ಅಂತ ನಾನು ತಿಳ್ಕೊಂಡಿದ್ದೆ. ಕೋರ್ಟಿನ ಲೆಕ್ಕ ಹಾಗಿಲ್ಲ. ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರೋ ಪಾಲಿಸಿ ಮಾತ್ರ ಇದ್ರೆ, ಖಾಸಗಿ ಕಾರಲ್ಲಿ ಪುಕ್ಕಟೆ ಕೂತು ಬರೋರು ಅದರೊಳಗೆ ಬರಲ್ಲ. ಸ್ಕೂಟರಿನ ಹಿಂದೆ ಕೂತವರ ವಿಷಯದಲ್ಲೂ ಸುಪ್ರೀಂ ಕೋರ್ಟ್ 2006ರಲ್ಲಿ ತಿಲಕ್ ಸಿಂಗ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಅದೇ ಕಾಂಪ್ರಿಹೆನ್ಸಿವ್ ಪಾಲಿಸಿ ಆದ್ರೆ ಕಾರಲ್ಲಿ ಕೂತವರಿಗೂ, ಬೈಕಿನ ಹಿಂದೆ ಕೂತವರಿಗೂ ಕಂಪನಿಯೇ ಹೊಣೆ. ಐಆರ್‌ಡಿಎ 2009ರಲ್ಲೇ ಸುತ್ತೋಲೆ ಹೊರಡಿಸಿ ಇದನ್ನ ಸ್ಪಷ್ಟ ಮಾಡಿತ್ತು, 2012ರಲ್ಲಿ ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು.

ಅಂದ್ರೆ ಆ 2,832 ರೂಪಾಯಿ ಬಂಪರಿಗಲ್ಲ, ಹಿಂದಿನ ಸೀಟಿಗೆ. ದಿನಕ್ಕೆ ಎಂಟು ರೂಪಾಯಿಗೂ ಕಮ್ಮಿ. ಹೋಟೆಲಲ್ಲಿ ಒಂದು ಟೀ ಈಗ ಎಂಟು ರೂಪಾಯಿಗೆ ಸಿಗಲ್ಲ.

ಇನ್ನೊಂದು ಮಾತು ಆಗಲೇ ಗೊತ್ತಾಗಿದ್ದು. ಪರಿಹಾರ ಬೇಕಂದ್ರೆ ಅಕ್ಕ ನನ್ನ ಮೇಲೇ ಕೇಸ್ ಹಾಕಬೇಕಿತ್ತು. ಕಾಂಪ್ರಿಹೆನ್ಸಿವ್ ಇದ್ದಿದ್ರೆ ಕಾಗದದಲ್ಲಿ ನನ್ನ ಹೆಸರು, ದುಡ್ಡು ಕಂಪನಿಯದು. ಅದಿಲ್ಲದ್ದಕ್ಕೆ ಆದೇಶ ಬಂದ್ರೆ ನನ್ನ ಮನೆ ಮೇಲೇ ಬರ್ತಿತ್ತು. ನಾನೇ ಹೋಗಿ ಹೇಳ್ದೆ, ‘ಹಾಕಕ್ಕ, ನಿನ್ನ ಹಕ್ಕು ಅದು’ ಅಂತ. ಅಕ್ಕ ನಕ್ಕು, ‘ನಿನ್ ಮ್ಯಾಲೆ ಕೇಸ್ ಹಾಕಿ ನಾನು ಯಾವ ಮುಖ ಇಟ್ಕಂಡು ನಿನ್ ಕಾರು ಹತ್ಲಿ ತಮ್ಮ?’ ಅಂದ್ಲು. ಹಾಕ್ಲಿಲ್ಲ. ಸಂಗಾತಿಗಳು ಸೇರಿ ಎಪ್ಪತ್ತು ಸಾವಿರ ಎತ್ತಿದ್ರು, ಉಳಿದದ್ದು ನಾನು ಸಾಲ ಮಾಡ್ದೆ. ಆಸ್ಪತ್ರೆ ಬಿಲ್ಲು ತೀರ್ತು. ಆದರೆ ಅವಳು ಈಗ ಗದ್ದೆಗೆ ಇಳಿಯೋಕಾಗಲ್ಲ. ಆ ಕೂಲಿ ಲೆಕ್ಕ ಯಾರು ಕೊಡ್ತಾರೆ? ಹೋರಾಟದಲ್ಲಿ ಹಕ್ಕು ಹಕ್ಕು ಅಂತ ಕೂಗೋ ನಾನು, ಒಬ್ಬ ಕೂಲಿ ಹೆಂಗಸಿನ ಹಕ್ಕನ್ನ ದಾಕ್ಷಿಣ್ಯದ ಕೆಳಗೆ ಹೂತು ಹಾಕ್ದೆ. ಇದು ನನ್ನನ್ನ ಇವತ್ತಿಗೂ ಸುಡ್ತದೆ.

ಆಮೇಲೆ ಕೂತು ಸರಿಯಾಗಿ ಓದಿದೆ. ತಿಳಿದದ್ದನ್ನ ಹಂಚ್ಕೊಳ್ತೀನಿ.

ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡಿದ್ದು. 2022ರ ಜೂನಿಂದ 1000 ಸಿಸಿ ಒಳಗಿನ ಖಾಸಗಿ ಕಾರಿಗೆ 2,094, 1500 ಸಿಸಿವರೆಗೆ 3,416, ಅದಕ್ಕಿಂತ ಮೇಲೆ 7,897. ಮೇಲೆ ಜಿಎಸ್‌ಟಿ. ಯಾವ ಕಂಪನಿಗೆ ಹೋದ್ರೂ ಇದರಲ್ಲಿ ಚೌಕಾಸಿ ಇಲ್ಲ. ಚೌಕಾಸಿ ಇರೋದು ‘ಓನ್ ಡ್ಯಾಮೇಜ್’ ಭಾಗದಲ್ಲಿ ಮಾತ್ರ. ಅದಕ್ಕೇ ಮೂರು ನಾಲ್ಕು ಕಡೆ ಕೇಳಿ.

ಹೋಲಿಸುವಾಗ ಬರೀ ಕೊನೇ ಮೊತ್ತ ನೋಡಬೇಡಿ, ಐಡಿವಿ ನೋಡಿ. ಗಾಡಿ ಕಳುವಾದ್ರೆ ಅಥವಾ ಪೂರ್ತಿ ನಜ್ಜುಗುಜ್ಜಾದ್ರೆ ಸಿಗೋ ಮೊತ್ತಕ್ಕೆ ಅದೇ ಆಧಾರ. ಕೆಲವರು ಐಡಿವಿ ಇಳಿಸಿ ಪ್ರೀಮಿಯಂ ಕಮ್ಮಿ ಮಾಡಿ ತೋರಿಸ್ತಾರೆ.

ರಿಪೇರಿಗೆ ಪೂರ್ತಿ ದುಡ್ಡು ಬರ್ತದೆ ಅಂತಲೂ ನಂಬಬೇಡಿ. ಪ್ಲಾಸ್ಟಿಕ್ಕು, ರಬ್ಬರು, ಬ್ಯಾಟರಿಗೆ ಅರ್ಧ ಕಡಿತ. ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೂ ಅರ್ಧ. ಗಾಜಿಗೆ ಮಾತ್ರ ಕಡಿತ ಇಲ್ಲ. ಇದರ ಮೇಲೆ 1500 ಸಿಸಿವರೆಗಿನ ಗಾಡಿಗೆ ಪ್ರತಿ ಕ್ಲೈಮಲ್ಲೂ ಮೊದಲ ಸಾವಿರ ನಿಮ್ಮದೇ. ಸಣ್ಣಪುಟ್ಟದಕ್ಕೆ ಕ್ಲೈಮ್ ಮಾಡಿದ್ರೆ ನೋ ಕ್ಲೈಮ್ ಬೋನಸ್ ಹೋಗ್ತದೆ. ಅದು ಮೊದಲ ವರ್ಷ ಶೇ. 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ. 50 ಆಗೋ ರಿಯಾಯಿತಿ. ಪಾಲಿಸಿ ಮುಗಿದು 90 ದಿನ ಸುಮ್ಮನಿದ್ರೂ ಹೋಗ್ತದೆ.

ಸೆಕೆಂಡ್ ಹ್ಯಾಂಡ್ ತಗೊಂಡ್ರೆ 14 ದಿನದೊಳಗೆ ಪಾಲಿಸೀನೂ ನಿಮ್ಮ ಹೆಸರಿಗೆ ಮಾಡಿಸಿ. ಸಂಬಳದ ಡ್ರೈವರ್ ಇದ್ರೆ ಅವರ ಹೊಣೆಗೆ 50 ರೂಪಾಯಿ ಹೆಚ್ಚು ಕಟ್ಟಿ, ಬಿಡಬೇಡಿ. ಬಾಡಿಗೆ ಇಸ್ಕೊಂಡು ಓಡಿಸಿದ್ರೆ ಖಾಸಗಿ ಕಾರಿನ ಪಾಲಿಸಿ ಕೈಕೊಡ್ತದೆ.

ನಮ್ಮಂಥವರಿಗೆ ಇನ್ನೊಂದು ವಿಷಯ. ಗಲಭೆ, ಬೆಂಕಿ, ಯಾರಾದ್ರೂ ಬೇಕಂತಲೇ ಗಾಜು ಒಡೆಯೋದು, ಇದೂ ಕಾಂಪ್ರಿಹೆನ್ಸಿವ್ ಒಳಗೆ ಬರ್ತದೆ. ಊರೊಳಗೆ ಹೋದ ನಮ್ಮ ಗಾಡಿಗೆ ಕಲ್ಲು ಬೀಳೋದು ಹೊಸದೇನಲ್ಲ. ಆದರೆ ದೂರು ದಾಖಲಿಸಿ, ಫೋಟೋ ತೆಗೆದು, ಕಂಪನಿಗೆ ತಕ್ಷಣ ತಿಳಿಸಿ. ರಿಪೇರಿ ಆಮೇಲೆ.

ಕೊನೇದು, ಎಲ್ಲಕ್ಕಿಂತ ಮುಖ್ಯದ್ದು. ಸಮಾವೇಶಕ್ಕೆ ಜನರನ್ನ ಗೂಡ್ಸ್ ಟೆಂಪೋದಲ್ಲಿ ತುಂಬ್ಕೊಂಡು ಹೋಗಬೇಡಿ. ಸರಕು ಗಾಡಿಯಲ್ಲಿ ಪ್ರಯಾಣ ಮಾಡಿದ ಜನಕ್ಕೆ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ ಆಶಾರಾಣಿ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಆ ಟೆಂಪೋದಲ್ಲಿ ನಿಂತು ಬರೋರು ಯಾರು? ನಮ್ಮೋರೇ. ಸಂಘಟನೆ ಮಾಡೋರು ಇನ್ಮೇಲೆ ಊಟದ ಖರ್ಚಿನ ಜೊತೆ ಬಸ್ಸಿನ ಖರ್ಚನ್ನೂ ಲೆಕ್ಕ ಹಾಕಿ. ಗಾಡಿ ಗೊತ್ತು ಮಾಡುವಾಗ ಪಾಲಿಸಿ ಕೇಳಿ ನೋಡಿ.

ಬಾಬಾಸಾಹೇಬರು 1947ರಲ್ಲಿ ಸಂವಿಧಾನ ರಚನಾ ಸಭೆಗೆ ಕೊಟ್ಟ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಮನವಿಯಲ್ಲಿ ವಿಮೆ ಸರ್ಕಾರದ ಕೈಯಲ್ಲೇ ಇರಬೇಕು, ಪ್ರತಿ ವಯಸ್ಕರಿಗೂ ಅವರ ಕೂಲಿಗೆ ತಕ್ಕಂತೆ ಜೀವವಿಮೆ ಕಡ್ಡಾಯ ಆಗಬೇಕು ಅಂತ ಬರೆದಿದ್ದಾರೆ. ಕೂಲಿಯವಳ ಕಾಲಿಗೂ ಒಂದು ಬೆಲೆ ಇದೆ, ಅದನ್ನ ಯಾರ ದಯೆಗೂ ಬಿಡಬಾರದು ಅನ್ನೋ ಮಾತು ನನಗೆ ಅದರಲ್ಲಿ ಕೇಳಿಸ್ತದೆ. ಜಯಂತಿಗೆ ಹೋಗಿ ಬರೋ ದಾರಿಯಲ್ಲೇ ನಾನು ಅದನ್ನ ಮರೆತಿದ್ದೆ.

ಈ ಜನವರಿಯಲ್ಲಿ ಏಜೆಂಟ್ ಮತ್ತೆ ಅದೇ ಎರಡು ಲೆಕ್ಕ ಕಳಿಸಿದ. ದೊಡ್ಡದನ್ನೇ ಕಟ್ಟಿದೆ. ಪಾಲಿಸಿ ಜೆರಾಕ್ಸ್ ತಗೊಂಡು ಅಕ್ಕನ ಮನೆಗೆ ಹೋಗಿ, ‘ಇನ್ನು ಏನಾದ್ರೂ ಆದ್ರೆ ಧೈರ್ಯವಾಗಿ ನನ್ ಮೇಲೆ ಕೇಸ್ ಹಾಕಕ್ಕ’ ಅಂದೆ. ‘ನೀನು ಮೊದ್ಲು ನಿಧಾನಕ್ಕೆ ಓಡ್ಸಪ್ಪ’ ಅಂದ್ಲು.

ನಿಮ್ಮ ಗಾಡಿಯ ಪಾಲಿಸಿ ಈಗಲೇ ತೆಗೆದು ನೋಡಿ. ಹಿಂದಿನ ಸೀಟಲ್ಲಿ ನಮ್ಮವರನ್ನ ಕೂರಿಸೋ ಎಲ್ಲರಿಗೂ ಇದನ್ನ ತಲುಪಿಸಿ.

ಜೈಭೀಮ್.