ಹೆಬ್ಬೆರಳು ನೋವು ಅಂತ ಅಸಡ್ಡೆ ಮಾಡಬೇಡಿ ಕಣ್ರೇ

ನಮ್ಮ ಸಖರಾಯಪಟ್ಟಣದ ಕಡೆ ಐವತ್ತು ದಾಟಿದ ಹೆಂಗಸಿಗೆ ಕಾಲು ನೋವು ಬಂದ್ರೆ ಎಲ್ಲದಕ್ಕೂ ಒಂದೇ ಹೆಸರು, ವಾತ. ಮಂಡಿ ಸವೆದಿದ್ರೂ ವಾತ, ಹಿಮ್ಮಡಿ ನೋವೂ ವಾತ. ಹೆಬ್ಬೆರಳು ಕೆಂಪಗೆ ಊದ್ಕೊಂಡು, ಹೊದ್ದಿರೋ ಬಟ್ಟೆ ತಾಗಿದ್ರೂ ಜೀವ ಹೋದಂಗಾದ್ರೆ ಅದೂ ವಾತವೇ. ಈ ಕಡೇದಕ್ಕೆ ಡಾಕ್ಟ್ರು ಗೌಟ್ ಅಂತಾರೆ. ಕುಡಿಯೋ ಗಂಡಸರ ಕಾಯಿಲೆ ಅಂತ ಊರಲ್ಲಿ ಮಾತು. ನಮ್ಮ ಅತ್ತಿಗೆ, ಅಂದ್ರೆ ನಮ್ಮನೆಯವರ ಅಕ್ಕ, ಒಂದು ತೊಟ್ಟು ಕುಡಿದವರಲ್ಲ. ಮಾಂಸ ಅಂದ್ರೆ ಹಬ್ಬಕ್ಕೆ ಎರಡು ತುಂಡು. ಅವರಿಗೂ ಬಂತು.

ಯಾಕೆ ಅಂದ್ರೆ, ರಕ್ತದಲ್ಲಿ ಯೂರಿಕ್ ಆಸಿಡ್ ಅನ್ನೋದು ದಿನಾ ಸೇರ್ತಾ ಇರುತ್ತೆ, ಮೂತ್ರಪಿಂಡ ಅದನ್ನ ಹೊರಗೆ ಹಾಕ್ತಾ ಇರುತ್ತೆ. ಅಯ್ಯನಕೆರೆಗೆ ನೀರು ಬರೋದು, ತೂಬಲ್ಲಿ ಹೋಗೋದು ಇದ್ದಂಗೆ. ತೂಬು ಕಟ್ಟಿದ್ರೆ ಕೆರೆ ತುಂಬುತ್ತೆ. ಮುಟ್ಟು ಇರೋ ತನಕ ಹೆಂಗಸರ ದೇಹದ ಹಾರ್ಮೋನು ಅದನ್ನ ಹೊರಗೆ ಕಳಿಸೋಕೆ ಸಹಾಯ ಮಾಡುತ್ತೆ. ಮುಟ್ಟು ನಿಂತ ಮೇಲೆ ಆ ಸಹಾಯ ಇಲ್ಲ. ಜೊತೆಗೆ ನೀರು ಹೋಗೋಕೆ ಅಂತ ಕೊಡೋ ಕೆಲವು ಬಿಪಿ ಮಾತ್ರೆಗಳೂ ಅದನ್ನ ಏರಿಸ್ತಾವೆ. ಕೊನೆಗೆ ಸೂಜಿಮೊನೆ ಥರ ಹರಳು ಕಟ್ಟಿ ಗೆಣ್ಣಲ್ಲಿ ಕೂರುತ್ತೆ.

2021ರ ಮೇ ತಿಂಗಳಲ್ಲಿ, ಎರಡನೇ ಅಲೆ ಜೋರಾಗಿದ್ದಾಗ, ಅತ್ತಿಗೆಗೆ ಕೊರೊನಾ ಬಂತು. ಶುಗರ್ರು, ಬಿಪಿ, ಗೌಟ್ ಮೂರೂ ಇದ್ದ ಮೈ. ಐದನೇ ದಿನಕ್ಕೆ ಬೆರಳಿಗೆ ಸಿಕ್ಕಿಸೋ ಮಿಷನ್ನು 88 ತೋರಿಸ್ತು. ಆಸ್ಪತ್ರೆಗೆ ಸೇರಿಸಿದ್ರು. ಒಳಗೆ ಯಾರನ್ನೂ ಬಿಡ್ತಿರಲಿಲ್ಲ. ಶುಗರ್ ಮಾತ್ರೆ, ಬಿಪಿ ಮಾತ್ರೆ ಹೆಸರು ಅತ್ತಿಗೇನೇ ಹೇಳಿದ್ರು. ಕಾಲು ನೋವಿಂದು ಏನು ಮಹಾ ಅಂತ ಅದನ್ನ ಹೇಳಲೇ ಇಲ್ಲ. ಅವರ ಸೊಸೆ ಜಾಣೆ, ಡಾಕ್ಟ್ರ ಫೋನ್ ಬಂದಾಗ ಡಬ್ಬಿಯಲ್ಲಿದ್ದ ಮಾತ್ರೆ ಹಾಳೆಗಳನ್ನೆಲ್ಲ ಮುಂದೆ ಇಟ್ಕೊಂಡು ಒಂದೊಂದೇ ಓದಿದಳು. ಗೌಟ್ ಇದೆ ಅಂತ ಡಾಕ್ಟ್ರಿಗೆ ಗೊತ್ತಾಗಿದ್ದೇ ಆಗ. ಮೂತ್ರಪಿಂಡದ ಪರೀಕ್ಷೆ ನೋಡಿ, ಅಲೋಪ್ಯೂರಿನಾಲ್ ಮಾತ್ರೆಯ ಅಳತೆ ಕಮ್ಮಿ ಮಾಡಿ ಮುಂದುವರಿಸಿದ್ರು.

ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಕಾಲು ನೋಯಲೇ ಇಲ್ಲ. ಉಸಿರಿಗೆ ಅಂತ ಕೊಡೋ ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್ ಗೌಟಿನ ಊತವನ್ನೂ ಅಡಗಿಸುತ್ತೆ. ಆದ್ರೆ ಅದೇ ಔಷಧಿಗೆ ಶುಗರ್ ಮುನ್ನೂರು ದಾಟಿ ಇನ್ಸುಲಿನ್ ಹಾಕಬೇಕಾಯ್ತು. ಹನ್ನೊಂದು ದಿನಕ್ಕೆ ಬದುಕಿ ಮನೆಗೆ ಬಂದ್ರು. ಸ್ಟೀರಾಯ್ಡ್ ನಿಂತು ವಾರಕ್ಕೆ ಎರಡೂ ಪಾದ ಊದಿ, ಬಚ್ಚಲಿಗೆ ಎತ್ಕೊಂಡು ಹೋಗೋ ಹಂಗಾಯ್ತು. ಅಷ್ಟರಲ್ಲಿ ನೆಂಟರು ಪ್ರೀತಿಯಿಂದ, ಶಕ್ತಿ ಬರಲಿ ಅಂತ ಕಾಲು ಸೂಪು, ಈಲಿ ಹುರಿದದ್ದು ಕಳಿಸಿದ್ರು. ಗೌಟ್ ಇದ್ದವರಿಗೆ ಅದೇ ಉರಿಯೋ ಬೆಂಕಿಗೆ ತುಪ್ಪ. ಮೊಟ್ಟೆ, ಹಾಲು, ಮಜ್ಜಿಗೆ, ರಾಗಿ ಅಂಬಲಿಗೆ ತೊಂದರೆ ಇಲ್ಲ. ಬೇಳೆಕಾಳಿಗೂ ಅಷ್ಟು ಹೆದರಬೇಕಿಲ್ಲ.

ಆಮೇಲೆ ಮಗಳು ಓದಿ ಹೇಳಿದಳು. ಬ್ರಿಟನ್ನಿನಲ್ಲಿ ಸುಮಾರು 4 ಲಕ್ಷ 60 ಸಾವಿರ ಜನರ ದಾಖಲೆ ನೋಡಿ 2022ರಲ್ಲಿ ಒಂದು ಅಧ್ಯಯನ ಬಂತಂತೆ. ಗೌಟ್ ಇದ್ದವರಲ್ಲಿ ಕೊರೊನಾದಿಂದ ಸತ್ತವರು ಹೆಚ್ಚು. ಶುಗರ್, ಬಿಪಿ, ಹೃದಯ, ಮೂತ್ರಪಿಂಡದ ಕಾಯಿಲೆ ಲೆಕ್ಕ ಕಳೆದು ನೋಡಿದ್ರೂ, ಗೌಟ್ ಇರೋ ಹೆಂಗಸರಿಗೆ ಗೌಟ್ ಇಲ್ಲದ ಹೆಂಗಸರಿಗಿಂತ ಅಪಾಯ ಸುಮಾರು ಎರಡರಷ್ಟು. ಗಂಡಸರಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಗೌಟ್ ಬಂದ ಹೆಂಗಸರೆಲ್ಲ ಹೋಗ್ತಾರೆ ಅಂತಲ್ಲ, ನಮ್ಮ ಅತ್ತಿಗೆ ಉಳಿದಿದ್ದಾರಲ್ಲ. ಆದ್ರೆ ನಾವು ವಾತ ಅಂತ ಮೂಲೆಗೆ ತಳ್ಳಿದ ಕಾಯಿಲೆ, ಕಷ್ಟ ಬಂದಾಗ ಲೆಕ್ಕಕ್ಕೆ ಬರುತ್ತೆ.

ಗೌಟಿಗೆ ಕೊಡೋ ಕಾಲ್ಚಿಸಿನ್ ಮಾತ್ರೆಯೇ ಕೊರೊನಾಕ್ಕೂ ಆಗುತ್ತೆ ಅಂತ ಆಗ ಒಂದು ಸುದ್ದಿ ಓಡಾಡ್ತಿತ್ತು. ಬ್ರಿಟನ್ನಿನ ರಿಕವರಿ ಅನ್ನೋ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ 11 ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿ, ಸಾವು ತಪ್ಪಿಸೋದರಲ್ಲಿ ಉಪಯೋಗ ಇಲ್ಲ ಅಂತ 2021ರ ಮಾರ್ಚಿನಲ್ಲೇ ನಿಲ್ಲಿಸಿದ್ರು. ಮೂತ್ರಪಿಂಡ ಸೋತಿರೋರಿಗೆ, ಕೆಲವು ಆಂಟಿಬಯೋಟಿಕ್ ಜೊತೆಗೆ, ಆ ಮಾತ್ರೆ ವಿಷದ ಹಂಗೆ ಆಗಬಹುದು. ಮೆಡಿಕಲ್ ಶಾಪಿಂದ ತಂದು ನುಂಗೋ ಮಾತ್ರೆ ಅಲ್ಲ ಅದು.

ಕೊರೊನಾ ಈಗ ಸಣ್ಣದಾಗಿದೆ, ಆದ್ರೆ ಡೆಂಗ್ಯೂ, ನ್ಯುಮೋನಿಯಾ ಎಲ್ಲೂ ಹೋಗಿಲ್ಲ. ಅದಕ್ಕೆ ನನ್ನ ಮಾತು ಇಷ್ಟು. ಹೆಬ್ಬೆರಳು, ಪಾದ, ಗೆಣ್ಣು ರಾತ್ರೋರಾತ್ರಿ ಕೆಂಪಾಗಿ ಊದಿದ್ರೆ ಯೂರಿಕ್ ಆಸಿಡ್, ಕ್ರಿಯಾಟಿನಿನ್ ಎರಡೂ ಪರೀಕ್ಷೆ ಮಾಡಿಸಿ. ಜ್ವರ ಬಂತು ಅಂತ ದಿನದ ಮಾತ್ರೆ ನೀವಾಗೇ ನಿಲ್ಲಿಸಬೇಡಿ. ನೋವಿಗೆ ಅಂತ ಡೈಕ್ಲೋಫೆನಾಕ್ ಥರದ ಮಾತ್ರೆ ನೀವಾಗೇ ನುಂಗಬೇಡಿ, ಜ್ವರದಲ್ಲಿ ಮೈ ಒಣಗಿದಾಗ ಮೂತ್ರಪಿಂಡಕ್ಕೆ ಹೊಡೆತ. ನೀರು ಕುಡೀರಿ, ಹೃದಯಕ್ಕೆ ನೀರು ಕಮ್ಮಿ ಮಾಡಿ ಅಂದಿದ್ರೆ ಮಾತ್ರ ಡಾಕ್ಟ್ರ ಮಾತು ಕೇಳಿ. ಇರೋ ಕಾಯಿಲೆ, ನುಂಗೋ ಮಾತ್ರೆ ಎಲ್ಲಾನೂ ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಡಿ. ಕಾಲು ನೋವಿಂದೂ ಸೇರಿಸಿ.

ಅತ್ತಿಗೆ ಈಗ ಚೆನ್ನಾಗಿದ್ದಾರೆ. ಮೊನ್ನೆ ಅವರ ತಂಗಿಗೂ ಹೆಬ್ಬೆರಳು ಊದಿತ್ತಂತೆ. ವಾತ ಅಂದವರ ಬಾಯಿ ಮುಚ್ಚಿಸಿ, ತಾವೇ ಕಡೂರು ಬಸ್ಸು ಹತ್ತಿಸಿ ರಕ್ತ ಪರೀಕ್ಷೆಗೆ ಕರ್ಕೊಂಡು ಹೋದ್ರು.